ಒಂದೇ ಹಾಳೆ, ಇಬ್ಬರ ಬರಹ

ಇಬ್ಬರು ಅಥವಾ ಮೂವರು ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಒಂದೇ ಬರಹವನ್ನು ರಚಿಸಿ, ವಿಚಾರದಿಂದ ಹಿಡಿದು ಕಾಗುಣಿತದವರೆಗೆ ಎಲ್ಲದಕ್ಕೂ ಸಮಾನ ಹೊಣೆ ಹೊರುವ ಕ್ರಮವೇ ಸಹಬರವಣಿಗೆ. ಪ್ರಬಂಧವನ್ನು ತುಂಡು ಮಾಡಿ ಹಂಚಿಕೊಂಡು ಬರೆಯುವುದು ಸಹಬರವಣಿಗೆ ಆಗದು. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರನ್ನು ಕುರಿತು ಮೆಲ್ಬರ್ನ್ ವಿಶ್ವವಿದ್ಯಾಲಯದ ನಿಯೋಮಿ ಸ್ಟಾರ್ಕ್ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೋಡಿಯಾಗಿ ಬರೆದವರ ಬರಹಗಳು ಒಬ್ಬೊಬ್ಬರೇ ಬರೆದವುಗಳಿಗಿಂತ ಚಿಕ್ಕವಾಗಿದ್ದರೂ ವ್ಯಾಕರಣದ ದೃಷ್ಟಿಯಿಂದ ಹೆಚ್ಚು ಶುದ್ಧವಾಗಿದ್ದವು.

ಆದರೆ ಈ ಕ್ರಮದ ನಿಜವಾದ ಬೆಲೆ ಇರುವುದು ಬರೆಯುತ್ತಾ ನಡೆಯುವ ಮಾತುಕತೆಯಲ್ಲಿ. ಕನ್ನಡ ಮನೆಮಾತಿನ ಇಬ್ಬರು ಮಕ್ಕಳು 'ಹಿ ಹ್ಯಾಸ್ ಗಾನ್ ಟು ಮೈಸೂರು ಯೆಸ್ಟರ್‌ಡೇ' ಎಂದು ಬರೆದು, 'ಯೆಸ್ಟರ್‌ಡೇ' ಇರುವಲ್ಲಿ 'ಹ್ಯಾಸ್' ಬರಬಹುದೇ ಎಂದು ವಾದಕ್ಕಿಳಿದರೆ, 'ನಿನ್ನೆ ಹೋಗಿದ್ದಾನೆ' ಎಂಬ ಕನ್ನಡದ ಸಹಜ ಪ್ರಯೋಗವೇ ಆ ತಪ್ಪಿಗೆ ಎಡೆಮಾಡಿತೆಂಬುದು ಅವರಿಗೇ ಹೊಳೆಯಬಹುದು. ಒಬ್ಬರೇ ಬರೆಯುವಾಗ ಅಂಥ ಪ್ರಶ್ನೆ ಏಳುವುದೇ ಅಪರೂಪ. ಹೀಗೆ ಮಾತಿನ ಮೂಲಕವೇ ಭಾಷೆಯ ತಿಳಿವನ್ನು ಕಟ್ಟಿಕೊಳ್ಳುವುದನ್ನು ಕೆನಡಾದ ವಿದ್ವಾಂಸೆ ಮೆರಿಲ್ ಸ್ವೇನ್ 'ಲ್ಯಾಂಗ್ವೇಜಿಂಗ್' ಎಂದು ಕರೆದರು. ಈ ಚರ್ಚೆ ಕನ್ನಡದಲ್ಲೇ ನಡೆದರೂ ತಪ್ಪಿಲ್ಲ; ಇಂಗ್ಲಿಷಿನಲ್ಲೇ ವಾದಿಸಬೇಕೆಂದು ಪಟ್ಟು ಹಿಡಿದರೆ ಎಷ್ಟೋ ಮಕ್ಕಳ ಬಾಯಿ ಕಟ್ಟಿಹೋಗುತ್ತದೆ.

ಗುಂಪುಕೆಲಸದ ಬಗೆಗೆ ತೂಕವುಳ್ಳ ಆಕ್ಷೇಪವೊಂದು ಬಂದದ್ದು ಬೆಂಗಳೂರಿನಿಂದಲೇ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ನಡೆದು 'ಬೆಂಗಳೂರು ಪ್ರಾಜೆಕ್ಟ್' ಎಂದು ಹೆಸರಾದ ಪ್ರಯೋಗವು, ವ್ಯಾಕರಣ ಪಾಠವನ್ನು ಬಿಟ್ಟು ಚಟುವಟಿಕೆಗಳ ಮೂಲಕ ಇಂಗ್ಲಿಷ್ ಕಲಿಸಲು ಹೊರಟರೂ ಗುಂಪುಕೆಲಸಕ್ಕೆ ಒಲವು ತೋರಲಿಲ್ಲ. ತಮ್ಮಷ್ಟೇ ಬಲ್ಲವರೊಡನೆ ಕಲಿಯುವವರಲ್ಲಿ ತಪ್ಪುಗಳೇ ಗಟ್ಟಿಯಾಗಿ ಬೇರೂರುತ್ತವೆ ಎಂಬುದು ಪ್ರಭು ಅವರ ಆತಂಕವಾಗಿತ್ತು. ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಜೋಡಿಯಲ್ಲಿ ಒಬ್ಬರು ಮೇಲುಗೈ ಸಾಧಿಸಿ ಇನ್ನೊಬ್ಬರು ಮೂಕರಾದರೆ ಕಲಿಕೆ ಸೊರಗುತ್ತದೆಂದು ಸ್ಟಾರ್ಕ್ ಅವರೂ 2002ರಲ್ಲೇ ತೋರಿಸಿದ್ದರು.

ತಪ್ಪು ಬೇರೂರುವ ಆತಂಕಕ್ಕೆ ಉತ್ತರವಾಗಬಲ್ಲ ವಿಧಾನವೊಂದು 'ಡಿಕ್ಟೋಗ್ಲಾಸ್'. ಶಿಕ್ಷಕರು ಚಿಕ್ಕ ಪಠ್ಯವೊಂದನ್ನು ಸಹಜ ವೇಗದಲ್ಲಿ ಎರಡು ಬಾರಿ ಓದುತ್ತಾರೆ. ಕಿವಿಗೆ ಬಿದ್ದ ಮುಖ್ಯ ಪದಗಳನ್ನಷ್ಟೇ ಗುರುತು ಹಾಕಿಕೊಂಡ ಮಕ್ಕಳು ಕೂಡಿ ಆ ಪಠ್ಯವನ್ನು ಮತ್ತೆ ಕಟ್ಟುತ್ತಾರೆ. ಕೊನೆಗೆ ತಮ್ಮ ಬರಹವನ್ನು ಮೂಲದೊಂದಿಗೆ ಹೋಲಿಸಿ ನೋಡುತ್ತಾರೆ. ತಪ್ಪು ಬೇರೂರದಂತೆ ತಡೆಯುವುದು ಈ ಕೊನೆಯ ಹಂತವೇ, ಅವಧಿ ಮುಗಿಯಿತೆಂದು ಮೊದಲು ಕೈಬಿಡುವುದೂ ಇದನ್ನೇ. ಜೋಡಿ ಬರವಣಿಗೆಯನ್ನು ಮಾಡಿಸುವ ಶಿಕ್ಷಕರು ಪಠ್ಯವನ್ನು ಇನ್ನಷ್ಟು ಚಿಕ್ಕದು ಮಾಡಿಯಾದರೂ ಈ ಹೋಲಿಕೆಗೆ ಸಮಯ ಉಳಿಸಬೇಕು.