ಅರಮನೆಯ ಅಪ್ಪಣೆ

2018ರ ಜನವರಿಯವರೆಗೆ ಸೌದಿ ಮಹಿಳೆಯರು ತಮ್ಮದೇ ದೇಶದ ಕ್ರೀಡಾಂಗಣದಲ್ಲಿ ಕುಳಿತು ಫುಟ್ಬಾಲ್ ಪಂದ್ಯ ನೋಡುವಂತಿರಲಿಲ್ಲ. 2022ರಲ್ಲಿ ಅಲ್ಲಿಯೇ ಎಂಟು ತಂಡಗಳ ಮಹಿಳಾ ಪ್ರೀಮಿಯರ್ ಲೀಗ್ ಆರಂಭಗೊಂಡಿತು. ಪ್ರಥಮ ಪ್ರಶಸ್ತಿ ಅಲ್ ನಸ್ರ್ ತಂಡದ ಪಾಲಾಯಿತು. ಈ ಐದು ವರ್ಷಗಳಲ್ಲಿ ಬದಲಾದದ್ದು ಕುರ್‌ಆನ್ ಅಲ್ಲ, ಸುನ್ನತ್ತೂ ಅಲ್ಲ, ಅರಮನೆಯ ಅಪ್ಪಣೆ. ಹಾಗಾದರೆ ಅಷ್ಟು ಕಾಲ ಧರ್ಮದ ಹೆಸರಿನಲ್ಲಿ ಹೇರಿದ್ದಾದರೂ ಏನನ್ನು?

ಪ್ರವಾದಿವರ್ಯರು(ಸ) ಹ. ಆಯಿಶಾರೊಂದಿಗೆ(ರ) ಓಟದ ಸ್ಪರ್ಧೆ ನಡೆಸಿದ ಹದೀಸ್ ಅಬೂದಾವೂದ್‌ನಲ್ಲಿದೆ. ನಮ್ಮ ಉಲೆಮಾಗಳೂ ಅದನ್ನು ಓದಿದ್ದಾರೆ. ಮಿಂಬರ್‌ನಿಂದ ಕೇಳಿಬರುವುದು ಮಾತ್ರ ಅಪರೂಪ.

ಹಾಗೆಂದು ಅರಮನೆಯನ್ನು ಹೊಗಳುವ ಅವಸರವೂ ಬೇಡ. ಮಹಿಳೆಗೆ ವಾಹನ ಚಲಾಯಿಸುವ ಹಕ್ಕನ್ನು ಕೇಳಿದ ಲುಜೈನ್ ಅಲ್ ಹಥ್ಲೂಲ್‌ರನ್ನು, ಆ ನಿಷೇಧ ತೆರವಾಗುವುದಕ್ಕೆ ಕೆಲವೇ ವಾರಗಳ ಮುನ್ನ, 2018ರ ಮೇಯಲ್ಲಿ ಬಂಧಿಸಲಾಯಿತು. ಬಿಡುಗಡೆಯಾದದ್ದು 2021ರ ಫೆಬ್ರವರಿಯಲ್ಲಿ, ಅದೂ ಪ್ರಯಾಣ ನಿರ್ಬಂಧದೊಂದಿಗೆ.