ಅರ್ಧ ಮಾತ್ರೆಯ ಲೆಕ್ಕ

ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಲೋಟದ ಸದ್ದು ಕೇಳಿದರೆ ನಮ್ಮ ಮನೆಯಲ್ಲಿ ಯಾರೂ ಬೆಕ್ಕು ಅಂದುಕೊಳ್ಳುವುದಿಲ್ಲ. ‘ತಾತಂಗೆ ನಿದ್ದೆ ಬಂದಿಲ್ಲ’ ಅಂತ ಮಗ್ಗುಲಾಗುತ್ತಾರೆ.

ಮೂರು ವರ್ಷದ ಹಿಂದೆ, ಸಂಜೆಯಾದರೆ ನನ್ನ ಎಡಗಣ್ಣಿನ ರೆಪ್ಪೆ ತಾನಾಗಿ ಇಳಿಯತೊಡಗಿತು. ಪೇಪರಿನ ಒಂದು ಸಾಲು ಎರಡಾಗಿ ಕಾಣುತ್ತಿತ್ತು. ಪರೀಕ್ಷೆಗಳಾದ ಮೇಲೆ ಹೆಸರು ಗೊತ್ತಾಯಿತು: ಮಯಸ್ತೇನಿಯಾ ಗ್ರೇವಿಸ್. ನಲವತ್ತು ವರ್ಷ ಬ್ಯಾಂಕಿನಲ್ಲಿದ್ದವನಿಗೆ ಅದು ಹೀಗೆ ಅರ್ಥವಾಯಿತು. ನರದ ತುದಿ ಅಸಿಟೈಲ್‌ಕೋಲೀನ್ ಎಂಬ ಚಲನ್ ಬರೆದು ಕಳಿಸುತ್ತದೆ, ಸ್ನಾಯುವಿನ ಕೌಂಟರು ಅದನ್ನು ತೆಗೆದುಕೊಂಡು ಕೆಲಸ ಮಾಡುತ್ತದೆ. ನಮ್ಮ ಮೈಯ ಕಾವಲುಗಾರರೇ ದಾರಿ ತಪ್ಪಿ ಆ ಕೌಂಟರುಗಳನ್ನು ಮುಚ್ಚಿಬಿಡುತ್ತಾರೆ. 1934ರಲ್ಲಿ ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ಮೇರಿ ವಾಕರ್ ಎಂಬ ವೈದ್ಯೆ, ಈ ರೋಗದ ಲಕ್ಷಣಗಳು ಕ್ಯುರಾರೆ ಎಂಬ ವಿಷದ ಲಕ್ಷಣಗಳಂತಿವೆಯಲ್ಲ ಎಂದು ಯೋಚಿಸಿ, ಆ ವಿಷಕ್ಕೆ ಕೊಡುವ ಮದ್ದನ್ನೇ ಕೊಟ್ಟು ನೋಡಿದರು. ಇಳಿದ ರೆಪ್ಪೆ ಮೇಲೆದ್ದಿತು. ನಾನು ನುಂಗುವ ಪಿರಿಡೋಸ್ಟಿಗ್ಮಿನ್ ಅದೇ ವಂಶದ್ದು.

ಇದರ ಜೊತೆಗೆ ಸ್ಟೀರಾಯ್ಡ್ ಮಾತ್ರೆಯೂ ಇತ್ತು. ಬೆಳಿಗ್ಗೆ ಮರೆಯುತ್ತಿದ್ದೆನೆಂದು ಅದನ್ನು ರಾತ್ರಿ ಊಟಕ್ಕೆ ಬದಲಾಯಿಸಿಕೊಂಡೆ, ಡಾಕ್ಟರನ್ನು ಕೇಳದೆ. ನಿದ್ದೆ ಹಾರಿಹೋಯಿತು. ಹೊಟ್ಟೆ ಉರಿಗೆ ಅಂಗಡಿಯಿಂದ ಬಿಳಿ ಸಿರಪ್ ತಂದು ಕುಡಿದೆ.

ಹದಿನೈದು ದಿನ ಹೀಗೆ ಕಳೆದ ಮೇಲೆ ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ನಿದ್ದೆ ಮಾತ್ರೆ ತಂದುಕೊಟ್ಟರು. “ಅರ್ಧ ಹಾಕ್ಕೊಳ್ಳಿ ಸಾರ್, ಏನಾಗಲ್ಲ.” ಆರನೇ ಕ್ಲಾಸಿನ ಮೊಮ್ಮಗಳು ಪಟ್ಟಿಯನ್ನು ತಿರುಗಿಸಿ ನೋಡಿ, “ತಾತ, ಕೆಂಪು ಗೀಟಿನೊಳಗೆ ಏನೋ ಎಚ್ಚರಿಕೆ ಬರೆದಿದೆ. ಇದು ನಿಮ್ಮ ಚೀಟಿಯಲ್ಲಿ ಇದೆಯಾ?” ಅಂದಳು. ಗದರಿಸಿ ಕಳಿಸಿದೆ.

ಬೆಳಿಗ್ಗೆ ತಲೆ ಸಿಡಿಯುತ್ತಿತ್ತು. ಕತ್ತು ನಿಲ್ಲಲಿಲ್ಲ. ಇಡ್ಲಿ ಗಂಟಲಲ್ಲೇ ಕೂತಿತು, ಮಾತು ಮೂಗಿನಿಂದ ಬರುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಹೇಳಿದ್ದು, “ಒಂದೇ ಉಸಿರಿನಲ್ಲಿ ಎಷ್ಟು ಆಗುತ್ತೋ ಅಷ್ಟು ಎಣಿಸಿ.” ನೋಟು ಎಣಿಸಿ ಬದುಕಿದವನು ನಾನು. 13ಕ್ಕೆ ನಿಂತೆ. ಎರಡು ದಿನ ಬಿಡಲಿಲ್ಲ.

ಗಾಢ ಕನಸಿನ ಹೊತ್ತಿನಲ್ಲಿ ಕೈಕಾಲು, ಎದೆಯ ಸ್ನಾಯುಗಳೆಲ್ಲ ಸಡಿಲವಾಗುತ್ತವಂತೆ. ಆಗ ಉಸಿರಾಟದ ಭಾರವೆಲ್ಲ ಒಂದು ವಪೆಯ ಮೇಲೆ. ಅದೂ ಸೋತಿದ್ದರೆ ಇಂಗಾಲದ ಡೈಆಕ್ಸೈಡು ಒಳಗೇ ಉಳಿಯುತ್ತದೆ, ಬೆಳಗಿನ ತಲೆನೋವು ಅದರ ಗುರುತಾಗಿರಬಹುದು. ಆಲ್‌ಪ್ರಜೋಲಾಮ್, ಡಯಾಜೆಪಾಮ್ ಜಾತಿಯ ಮಾತ್ರೆಗಳು ಸ್ನಾಯುವನ್ನು ಸಡಿಲಿಸಿ ಉಸಿರನ್ನೂ ತಗ್ಗಿಸುತ್ತವೆ. ಸ್ನಾಯು ಕ್ಷಯದಂಥ ಬೇರೆ ಕಾಯಿಲೆಯವರಿಗೂ ಇದೇ ಅಪಾಯ. 2014ರಿಂದ ಇಂಥವು ಎಚ್‌1 ಪಟ್ಟಿಯಲ್ಲಿವೆ: ಚೀಟಿಯಿಲ್ಲದೆ ಕೊಡುವಂತಿಲ್ಲ, ಅಂಗಡಿಯವರು ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಸ್ನೇಹಿತರು ಕೊಟ್ಟರೆ ಯಾವ ಪುಸ್ತಕವೂ ಇಲ್ಲ!

ಬಿಳಿ ಸಿರಪ್ಪಿನ ಮೇಲೂ ಡಾಕ್ಟರ ಕಣ್ಣು ಬಿತ್ತು. ಅದರಲ್ಲಿ ಮೆಗ್ನೀಸಿಯಂ ಇತ್ತು. ನರದ ತುದಿಯಿಂದ ಚಲನ್ ಹೊರಡುವುದನ್ನೇ ಅದು ತಡೆಯುತ್ತದೆ. ಅಮೆರಿಕದಿಂದ ಭಾವಮೈದುನ ಕಳಿಸಿದ್ದ ‘ಸಹಜ ನಿದ್ದೆಯ’ ಪುಡಿಯಲ್ಲೂ ಇದ್ದದ್ದು ಅದೇ. ಸದ್ಯ, ಅದನ್ನಿನ್ನೂ ಒಡೆದಿರಲಿಲ್ಲ.

ಕೊನೆಗೆ ನಿದ್ದೆ ತಂದದ್ದು ಹೊಸ ಮಾತ್ರೆಯಲ್ಲ. ಡಾಕ್ಟರು ಸ್ಟೀರಾಯ್ಡನ್ನು ಬೆಳಿಗ್ಗೆ ತಿಂಡಿಯ ಜೊತೆಗೆ ಹಾಕಿದರು, ಹೊಟ್ಟೆಗೆ ಬೇರೆ ಔಷಧಿ ಬರೆದರು. ರಾತ್ರಿ ಉಸಿರಿನ ಪರೀಕ್ಷೆಯೂ ಆಯಿತು. ಮುಖಕ್ಕೆ ಕಟ್ಟುವ ಬೈಪ್ಯಾಪ್ ಯಂತ್ರ ನನಗೆ ಸದ್ಯಕ್ಕೆ ಬೇಡ ಅಂದರು, ಬೇಕಾದವರಿಗೆ ಅದೇ ದೊಡ್ಡ ನಿದ್ದೆ ಮದ್ದು. ಏಳೂವರೆಗೆ ಊಟ, ತಲೆ ಎದೆ ಎತ್ತರಕ್ಕೆ ಬರುವಂತೆ ಮೂರು ದಿಂಬು. ಮಧ್ಯಾಹ್ನದ ಮೇಲೆ ಫಿಲ್ಟರ್ ಕಾಫಿ ಬಿಟ್ಟದ್ದು ಮಾತ್ರ ನಿಜವಾದ ಶಿಕ್ಷೆ. ಗಸಗಸೆ ಪಾಯಸ ಮಾಡಲೇ ಎಂದು ಮನೆಯವಳು ಕೇಳಿದಳು. ಹಬ್ಬದ ದಿನ ಮಧ್ಯಾಹ್ನ, ಕೂತು, ನಿಧಾನವಾಗಿ ಒಂದು ಲೋಟ ಎಂದು ಒಪ್ಪಿಗೆ ಸಿಕ್ಕಿದೆ.

ಮೊಮ್ಮಗಳು ನನ್ನ ಮಾತ್ರೆಗಳ ಪಟ್ಟಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದಾಳೆ, ಲೇಹ್ಯ, ಸಿರಪ್ಪು ಸೇರಿ. ಪ್ರತಿ ಭಾನುವಾರ ಎದುರು ಕೂತು ಎಣಿಸಿಸುತ್ತಾಳೆ. ಮೊನ್ನೆ 34ಕ್ಕೆ ಬಂದೆ. ಅವಳು 41. ಕಳ್ಳಿ, ನಡುವೆ ಉಸಿರು ತೆಗೆದುಕೊಂಡಳು ಅಂತ ನನಗೆ ಅನುಮಾನ.