ಲಗಾಷಿನ ಮತದ್ರೋಹಿಗಳು

ಅನ್ಯಗ್ರಹಗಳ ಜೀವಿಗಳನ್ನು ಕುರಿತ ಕಥೆಗಳನ್ನು ಓದುವ ನಮ್ಮ ವಿದ್ಯಾರ್ಥಿಗಳು ಅಲ್ಲಿಯ ಯಂತ್ರಗಳನ್ನೂ ವಾಹನಗಳನ್ನೂ ಕಂಡು ಬೆರಗಾಗುವುದುಂಟು. ಆ ಜೀವಿಗಳು ಏನನ್ನು ನಂಬುತ್ತಾರೆ, ನಂಬದವನನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರ ಕಡೆಗೆ ಅವರ ಲಕ್ಷ್ಯ ಹೋಗುವುದು ಅಪರೂಪ. ಐಸಾಕ್ ಅಸಿಮೋವರು ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಬರೆದ ‘ನೈಟ್‌ಫಾಲ್’ ಎಂಬ ಕಥೆಯನ್ನು ಈ ದೃಷ್ಟಿಯಿಂದ ಓದಬೇಕೆಂದು ನನ್ನ ಸೂಚನೆ. ಅದು ಅಮೆರಿಕದ ಪತ್ರಿಕೆಯೊಂದರಲ್ಲಿ 1941ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು.

ಲಗಾಷ್ ಎಂಬ ಗ್ರಹಕ್ಕೆ ಆರು ಸೂರ್ಯರು. ಒಬ್ಬನು ಮುಳುಗಿದರೆ ಇನ್ನೊಬ್ಬನು ಆಗಸದಲ್ಲಿರುತ್ತಾನೆ. ಆದುದರಿಂದ ಅಲ್ಲಿಯ ಜನ ರಾತ್ರಿಯನ್ನೇ ಅರಿಯರು, ನಕ್ಷತ್ರಗಳನ್ನು ಕಂಡವರಿಲ್ಲ. ಒಂದು ಮತಪಂಥ ಮಾತ್ರ ಹೀಗೆ ಬೋಧಿಸುತ್ತದೆ: ಸುಮಾರು 2050 ವರ್ಷಗಳಿಗೊಮ್ಮೆ ಲಗಾಷ್ ಒಂದು ಮಹಾಗುಹೆಯನ್ನು ಹೊಗುವುದು, ಕತ್ತಲು ಕವಿಯುವುದು, ಆಗ ‘ನಕ್ಷತ್ರ’ಗಳೆಂಬುವು ತೋರಿ ಮನುಷ್ಯರ ಆತ್ಮಗಳನ್ನು ಅಪಹರಿಸುವುವು.

ಸಾರೋ ವಿಶ್ವವಿದ್ಯಾಲಯದ ಖಗೋಲಜ್ಞರು ಇದೇ ನಿರ್ಣಯಕ್ಕೆ ಬೇರೊಂದು ದಾರಿಯಿಂದ ಬರುತ್ತಾರೆ. ಲಗಾಷಿನ ಕಕ್ಷೆ ಅವರ ಗಣಿತಕ್ಕೆ ಹೊಂದುವುದಿಲ್ಲ. ಗುರುತ್ವಾಕರ್ಷಣ ನಿಯಮ ತಪ್ಪಿರಬೇಕು, ಇಲ್ಲವೇ ಕಣ್ಣಿಗೆ ಕಾಣದ ಕಾಯವೊಂದು ಇರಬೇಕು. (ಆರು ಸೂರ್ಯರ ನಡುವೆ ಆ ನಿಯಮವನ್ನು ಕಂಡುಹಿಡಿದವರ ತಾಳ್ಮೆಗೆ ಭೌತವಿಜ್ಞಾನದ ಅಧ್ಯಾಪಕನಾದ ನಾನು ಕೈಮುಗಿಯುತ್ತೇನೆ!) ನಮ್ಮಲ್ಲಿ 1846ರಲ್ಲಿ ನೆಪ್ಚೂನ್ ದೊರೆತುದೂ ಇಂತಹ ತರ್ಕದಿಂದಲೇ. ಲಗಾಷಿಗೆ ಕಾಣದ ಚಂದ್ರನೊಂದುಂಟು. ಒಂದೇ ಸೂರ್ಯನು ಆಗಸದಲ್ಲಿ ಉಳಿದಿರುವಾಗ, 2049 ವರ್ಷಗಳಿಗೊಮ್ಮೆ ಅದು ಅವನನ್ನು ಮರೆಮಾಡುತ್ತದೆ.

ಈ ಶೋಧನೆಗಾಗಿ ಖಗೋಲಜ್ಞರು ಮತಪಂಥದಿಂದಲೇ ಪ್ರಾಚೀನ ಮಾಹಿತಿಯನ್ನು ಬೇಡಿ ಪಡೆದಿದ್ದರು. ತಮ್ಮ ಭವಿಷ್ಯವಾಣಿಯನ್ನು ಗಣಿತವೇ ಸಮರ್ಥಿಸಿತೆಂದು ಮತೀಯರು ಹಿಗ್ಗಬೇಡವೇ? ಹಾಗಾಗುವುದಿಲ್ಲ. ಲ್ಯಾಟಿಮರ್ ಎಂಬ ಭಕ್ತನು ಕ್ಯಾಮೆರಾಗಳನ್ನು ಒಡೆದುಹಾಕಲು ವೀಕ್ಷಣಾಲಯಕ್ಕೆ ನುಗ್ಗುತ್ತಾನೆ. ಕತ್ತಲೆಯನ್ನು ಸಹಜ ಘಟನೆಯನ್ನಾಗಿ ಮಾಡಿ ಅದರ ಅರ್ಥವನ್ನೇ ಕಿತ್ತುಕೊಂಡರೆಂಬುದು ಆತನ ಆರೋಪ. ಮತದ್ರೋಹವೆಂದರೆ ಅಲ್ಲಗಳೆಯುವುದು ಎಂದು ನಾವು ತಿಳಿದಿದ್ದೇವೆ. ಲಗಾಷಿನಲ್ಲಿ ವಿವರಿಸುವುದೇ ದ್ರೋಹ.

ಇದು ಬರಿಯ ಕಲ್ಪನೆಯೆನ್ನುವಂತಿಲ್ಲ. ಗ್ರಹಣವು ನೆರಳಿನಿಂದ ಆಗುವುದೆಂದು 499ರಲ್ಲಿ ಆರ್ಯಭಟನು ಹೇಳಿದನು. 628ರಲ್ಲಿ ಬ್ರಹ್ಮಗುಪ್ತನು ಗ್ರಹಣದ ಗಣಿತಕ್ಕೆ ನೆರಳನ್ನೇ ಬಳಸಿದನಾದರೂ, ರಾಹುವನ್ನು ಕೈಬಿಟ್ಟವರ ಮಾತು ಶಾಸ್ತ್ರಕ್ಕೆ ವಿರುದ್ಧವೆಂದು ಖಂಡಿಸಿದನು. ಲೆಕ್ಕ ಒಪ್ಪಿಗೆಯಾಗಿತ್ತು, ವಿವರಣೆ ಆಗಿರಲಿಲ್ಲ.

ಹಾಗಾದರೆ ಸಾರೋದವರ ಭಿನ್ನಮತ ಏತರಿಂದ ಮೇಲಾದುದು? ಅವರು ಹೇಳಿದುದೆಲ್ಲ ನಿಜವಾದುದರಿಂದ ಅಲ್ಲ. ಇಬ್ಬರು ತರುಣ ಖಗೋಲಜ್ಞರು ಒಂದು ಮನೆಯ ಒಳಗನ್ನೆಲ್ಲ ಕಪ್ಪು ಮಖಮಲ್ಲಿನಿಂದ ಮುಚ್ಚಿ, ಮಾಡಿನಲ್ಲಿ ಸಣ್ಣ ಸಣ್ಣ ತೂತುಗಳನ್ನು ಕೊರೆದು, ಕತ್ತಲಲ್ಲಿ ಕುಳಿತು ಕೃತಕ ನಕ್ಷತ್ರಗಳನ್ನು ನೋಡುತ್ತಾರೆ. ಏನೂ ಆಗುವುದಿಲ್ಲ. ಏನೂ ಆಗಲಿಲ್ಲವೆಂದೇ ಬಂದು ಹೇಳುತ್ತಾರೆ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗವಿದು. ನಕ್ಷತ್ರಗಳಿದ್ದರೆ ಒಂದೆರಡು ಡಜನ್ ಇರಬಹುದೆಂದು ಅವರಲ್ಲೊಬ್ಬನು ಊಹಿಸುತ್ತಾನೆ. ಕಟ್ಟಕಡೆಗೆ ಮೂವತ್ತು ಸಾವಿರ ತೋರುತ್ತವೆ. ವೃದ್ಧ ನಿರ್ದೇಶಕನು ತಮಗೆ ಏನೂ ತಿಳಿದಿರಲಿಲ್ಲವೆಂದು ಮಗುವಿನಂತೆ ಅಳುತ್ತಾನೆ.

ಆದರೆ ಇದೇ ವಿಜ್ಞಾನಿಗಳ ನಡತೆಯಲ್ಲಿ ಒಂದು ಕಲೆಯುಂಟು. ಸಿಕ್ಕಿಬಿದ್ದ ಲ್ಯಾಟಿಮರನನ್ನು ಸುಮ್ಮನಿರಿಸುವುದು ಹೇಗೆ? ಮನಶ್ಶಾಸ್ತ್ರಜ್ಞನಾದ ಶೀರಿನ್ ಒಂದು ಉಪಾಯ ಹೂಡುತ್ತಾನೆ: ಕಿಟಕಿಯಿಲ್ಲದ ಕೋಣೆಯೊಳಗೆ ಕೂಡಿಹಾಕುತ್ತೇವೆ, ನಕ್ಷತ್ರದರ್ಶನ ನಿನಗೆ ತಪ್ಪುವುದು ಎಂದು ಬೆದರಿಸುತ್ತಾನೆ. ಆ ದರ್ಶನ ತಪ್ಪಿದರೆ ಭಕ್ತನ ಪಾಲಿಗೆ ಆತ್ಮವೇ ನಷ್ಟ. ಆತನು ತಕ್ಷಣ ಮಾತು ಕೊಡುತ್ತಾನೆ. ಕ್ಯಾಮೆರಾಗಳು ಉಳಿಯಬೇಕಾಗಿತ್ತು, ನಿಜ. ಕಾವಲಿಗೆ ಅಲ್ಲಿ ಜನವೂ ಇದ್ದರು. ತಾವು ನಂಬದ ನರಕವನ್ನು ತೋರಿಸಿ ನಂಬುವವನನ್ನು ಹೆದರಿಸುವುದು ಹಳೆಯ ಮತಾಧಿಕಾರಿಗಳೇ ಬಳಸಿದ ಆಯುಧವಲ್ಲವೇ? ಅಸಿಮೋವರು ಇದನ್ನು ಚಾತುರ್ಯವೆಂಬಂತೆ ಚಿತ್ರಿಸಿ ಮುಂದೆ ಸಾಗುತ್ತಾರೆ. ಮೊದಲ ಓದಿನಲ್ಲಿ ನಾನೂ ಆ ಪುಟಕ್ಕೆ ನಕ್ಕಿದ್ದೆ.